ಕೆಲಸದಿಂದ ವಜಾ: ನೌಕರರ ಹಕ್ಕುಗಳು ಮತ್ತು ಕಾನೂನು ಪರಿಹಾರ

ಕಾರಣವಿಲ್ಲದೆಯೋ, ಕ್ರಮ ತಪ್ಪಿಯೋ, ಹಗೆ ಸಾಧಿಸಲೆಂದೋ ನೌಕರನನ್ನು ಕೆಲಸದಿಂದ ತೆಗೆದಾಗ, ಅಮಾನತಿನಲ್ಲಿಟ್ಟಾಗ, ಸಂಬಳ ತಡೆಹಿಡಿದಾಗ ಅಥವಾ ಕಿರುಕುಳ ಕೊಟ್ಟಾಗ ಅವನಿಗೆ ಕಾನೂನಿನಲ್ಲಿ ಸಿಗುವ ರಕ್ಷಣೆ ಹಾಗೂ ಪರಿಹಾರ ಈ ಲೇಖನದ ವಿಷಯ. ಭಾರತದಲ್ಲಿ ಇದಕ್ಕೆ ಒಂದೇ ಕಾಯ್ದೆಯಿಲ್ಲ, ಒಂದೇ ನ್ಯಾಯಾಲಯವೂ ಇಲ್ಲ. ಬಸ್ ಕಂಡಕ್ಟರ್, ಖಾಸಗಿ ಶಾಲೆಯ ಮೇಷ್ಟ್ರು, ತಾಲ್ಲೂಕು ಕಚೇರಿಯ ಗುಮಾಸ್ತ, ಕಂಪನಿಯ ಮ್ಯಾನೇಜರ್, ಬೈಕಿನಲ್ಲಿ ಊಟ ತಲುಪಿಸುವ ಹುಡುಗ, ಈ ಐವರಿಗೂ ಒಂದೇ ದಿನ ‘ನಾಳೆಯಿಂದ ಬರಬೇಡಿ’ ಎಂಬ ಮಾತು ಕೇಳಿಬಂದರೆ ಐವರೂ ಐದು ಬೇರೆ ಬೇರೆ ಬಾಗಿಲು ತಟ್ಟಬೇಕಾಗುತ್ತದೆ. ಆದ ಅನ್ಯಾಯ ಎಷ್ಟು ದೊಡ್ಡದು ಎಂಬುದಕ್ಕಿಂತ, ಅನ್ಯಾಯಕ್ಕೊಳಗಾದವರು ಕಾನೂನಿನ ಲೆಕ್ಕದಲ್ಲಿ ಯಾರು ಎಂಬುದರ ಮೇಲೆ ಪರಿಹಾರ ನಿಂತಿದೆ. ನಮ್ಮ ಕಾರ್ಮಿಕ ಕಾನೂನಿನ ದೊಡ್ಡ ದೌರ್ಬಲ್ಯವೂ ಇದೇ.

ಒಡೆಯ, ಆಳು, ಕರಾರು

ಬ್ರಿಟಿಷರ ಕಾಲದಲ್ಲಿ ನೌಕರಿ ಎಂದರೆ ಒಡೆಯನಿಗೂ ಆಳಿಗೂ ನಡುವಿನ ಖಾಸಗಿ ಕರಾರು. ಆ ಕರಾರಿನ ಬಿಗಿ ಒಂದೇ ಕಡೆಗಿತ್ತು. 1859ರ ಕಾಯ್ದೆಯೊಂದರ ಪ್ರಕಾರ ಮುಂಗಡ ಹಣ ಪಡೆದ ಕೆಲಸಗಾರ ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರು ಅವನನ್ನು ಸೆರೆಮನೆಗೆ ಕಳಿಸಬಹುದಿತ್ತು. ಆಳನ್ನು ಅಕಾರಣವಾಗಿ ಹೊರದೂಡಿದ ಒಡೆಯನಿಗೆ ಅಂಥ ಶಿಕ್ಷೆಯೇನೂ ಇರಲಿಲ್ಲ. ಆ ಕಾಯ್ದೆಯ ರದ್ದತಿಗೆ 1925ರವರೆಗೆ ಕಾಯಬೇಕಾಯಿತು.

ಸಿವಿಲ್ ಕಾನೂನಿನಲ್ಲಿ ಒಡೆಯ–ಆಳು ತತ್ವದ ನೆರಳು ಈಗಲೂ ಇದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೆಯ ಪ್ರಕರಣದಂತೆ ವ್ಯಕ್ತಿಗತ ಸೇವೆಯ ಕರಾರನ್ನು ನ್ಯಾಯಾಲಯ ಬಲವಂತದಿಂದ ಜಾರಿ ಮಾಡಿಸುವುದಿಲ್ಲ. ವಜಾ ತಪ್ಪೆಂದು ಸಾಬೀತಾದರೂ ಸಿವಿಲ್ ಕೋರ್ಟಿನಲ್ಲಿ ಸಿಗುವುದು ನಷ್ಟಭರ್ತಿ ಮಾತ್ರ. ಅದೂ ಬಹುತೇಕ ನೋಟಿಸ್ ಅವಧಿಯ ಸಂಬಳಕ್ಕೆ ನಿಂತುಬಿಡುತ್ತದೆ. ಈ ನಿಯಮಕ್ಕೆ ಮೂರು ಅಪವಾದಗಳಿವೆಯೆಂದು ಸುಪ್ರೀಂ ಕೋರ್ಟ್ 1975ರ ವೈಶ್ ಪದವಿ ಕಾಲೇಜು ಪ್ರಕರಣದಲ್ಲಿ ಹೇಳಿತು: ಸಂವಿಧಾನದ 311ನೆಯ ವಿಧಿಯ ರಕ್ಷಣೆಯಿರುವ ಸರ್ಕಾರಿ ನೌಕರ, ಕೈಗಾರಿಕಾ ಕಾನೂನಿನಡಿ ಬರುವ ಕಾರ್ಮಿಕ, ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ತನ್ನದೇ ಕಾಯ್ದೆಯನ್ನು ಮುರಿದಾಗ ಅದರ ನೌಕರ. ಹೋದ ಕೆಲಸವನ್ನೇ ಮರಳಿ ಪಡೆಯುವ ಹಕ್ಕು ಈ ಮೂವರಿಗುಂಟು. ಉಳಿದವರ ಪಾಲಿಗೆ ಬರುವುದು ಹಣ, ಅದೂ ಬಂದರೆ.

ಎರಡನೆಯ ಅಪವಾದವೇ ಅತಿ ಹೆಚ್ಚು ಜನರನ್ನು ಕಾಪಾಡಿದ್ದು. 1947ರ ಏಪ್ರಿಲ್ 1ರಂದು ಜಾರಿಗೆ ಬಂದ ಕೈಗಾರಿಕಾ ವಿವಾದಗಳ ಕಾಯ್ದೆ ಕರಾರಿನ ತರ್ಕವನ್ನು ಪಕ್ಕಕ್ಕಿಟ್ಟಿತು. ಕೈಗಾರಿಕಾ ನ್ಯಾಯಾಧಿಕರಣ ಕರಾರಿನಲ್ಲಿಲ್ಲದ ಪರಿಹಾರವನ್ನೂ ಕೊಡಬಲ್ಲದು, ವಜಾ ಆದವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ಆದೇಶಿಸಬಲ್ಲದು ಎಂದು ಫೆಡರಲ್ ಕೋರ್ಟ್ 1949ರಲ್ಲಿ ತೀರ್ಮಾನಿಸಿತು. ಆದರೆ ಮೊದಲ ಹದಿನೆಂಟು ವರ್ಷ ಈ ಕಾಯ್ದೆಯಲ್ಲಿ ಒಂದು ಕೊರತೆಯಿತ್ತು. ಒಬ್ಬನೇ ಕಾರ್ಮಿಕನ ವಜಾ ‘ಕೈಗಾರಿಕಾ ವಿವಾದ’ ಎನಿಸಿಕೊಳ್ಳಬೇಕಾದರೆ ಸಂಘವೋ ಸಹೋದ್ಯೋಗಿಗಳ ಗುಂಪೋ ಅವನ ಬೆನ್ನಿಗೆ ನಿಲ್ಲಬೇಕಿತ್ತು. ಸಂಘವಿಲ್ಲದ ಸಣ್ಣ ಕಾರ್ಖಾನೆಯಲ್ಲಿ, ಅಥವಾ ಸಂಘದ ಮುಖಂಡನನ್ನೇ ಎದುರುಹಾಕಿಕೊಂಡವನಿಗೆ ದಾರಿಯೇ ಇರಲಿಲ್ಲ. 1965ರಲ್ಲಿ ಸೇರಿಸಿದ 2ಎ ಪ್ರಕರಣ ಒಂಟಿ ಕಾರ್ಮಿಕನ ವಜಾವನ್ನೂ ಕೈಗಾರಿಕಾ ವಿವಾದವೆಂದೇ ಎಣಿಸಿತು. 1971ರ 11ಎ ಪ್ರಕರಣದಿಂದ ಕಾರ್ಮಿಕ ನ್ಯಾಯಾಲಯಕ್ಕೆ ಶಿಕ್ಷೆಯ ಪ್ರಮಾಣವನ್ನೇ ಬದಲಿಸುವ ಅಧಿಕಾರ ಬಂತು. ತಪ್ಪು ಸಾಬೀತಾಗಿದ್ದರೂ ಶಿಕ್ಷೆ ಅತಿಯಾಯಿತೆನಿಸಿದರೆ ವಜಾವನ್ನು ತೆಗೆದು ಇನ್‌ಕ್ರಿಮೆಂಟ್ ಕಡಿತದಂಥ ಸಣ್ಣ ಶಿಕ್ಷೆ ಹಾಕಬಹುದಾಯಿತು.

‘ಕೈಗಾರಿಕೆ’ ಯಾವುದು, ‘ಕಾರ್ಮಿಕ’ ಯಾರು

ಇಡೀ ದೇಶದ ಕಾರ್ಮಿಕ ಕಾನೂನನ್ನು ಅಲುಗಾಡಿಸಿದ ಪ್ರಕರಣ ಹುಟ್ಟಿದ್ದು ಬೆಂಗಳೂರಿನ ನಲ್ಲಿ ನೀರಿನ ಇಲಾಖೆಯಲ್ಲಿ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ದುರ್ನಡತೆಯ ಹೆಸರಿನಲ್ಲಿ ಕೆಲವು ನೌಕರರಿಗೆ ದಂಡ ವಿಧಿಸಿ, ಆ ಹಣವನ್ನು ಅವರಿಂದ ವಸೂಲು ಮಾಡಿತು. ತಮ್ಮ ಮಾತು ಕೇಳದೆ ದಂಡ ಹಾಕಿದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ನೌಕರರು 1972ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ನೀರು ಕೊಡುವ ನಾವು ಕೈಗಾರಿಕೆಯೇ ಅಲ್ಲ, ಈ ಕಾಯ್ದೆ ನಮಗೆ ಅನ್ವಯಿಸದು ಎಂದು ಮಂಡಳಿ ವಾದಿಸಿತು. ಸಣ್ಣ ದಂಡದ ಜಗಳ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಬೆಳೆಯಿತು. 1978ರ ಫೆಬ್ರವರಿ 21ರಂದು ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮೂರು ಅಳತೆಗೋಲುಗಳನ್ನಿಟ್ಟರು: ಕ್ರಮಬದ್ಧ ಚಟುವಟಿಕೆ, ಉದ್ಯೋಗದಾತ ಮತ್ತು ನೌಕರರ ಸಹಕಾರ, ಜನರ ಬೇಕುಗಳನ್ನು ತೀರಿಸುವ ಸರಕು ಅಥವಾ ಸೇವೆಯ ಉತ್ಪಾದನೆ. ಲಾಭದ ಉದ್ದೇಶ ಇರಲೇಬೇಕೆಂದಿಲ್ಲ. ಆಸ್ಪತ್ರೆ, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ, ಕ್ಲಬ್ಬುಗಳೆಲ್ಲ ಇದರಿಂದ ಕೈಗಾರಿಕೆಯ ತೆಕ್ಕೆಗೆ ಬಂದವು. ಪ್ರಕರಣದ ನೌಕರರಲ್ಲೊಬ್ಬರ ಹೆಸರಿನಿಂದ ವಕೀಲರ ಬಾಯಲ್ಲಿ ಇದು ‘ರಾಜಪ್ಪ ಕೇಸ್’.

ಈ ವಿಸ್ತಾರ ಸರ್ಕಾರಗಳಿಗೆ ಹಿಡಿಸಲಿಲ್ಲ. ವ್ಯಾಖ್ಯೆಯನ್ನು ಕಿರಿದುಗೊಳಿಸುವ ತಿದ್ದುಪಡಿಯನ್ನು ಸಂಸತ್ತು 1982ರಲ್ಲಿ ಒಪ್ಪಿತಾದರೂ ಅದು ಜಾರಿಯ ಅಧಿಸೂಚನೆಯನ್ನೇ ಕಾಣಲಿಲ್ಲ. ಈಗಿನ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ದಾನಧರ್ಮದ ಸಂಸ್ಥೆಗಳನ್ನೂ ಮನೆಗೆಲಸವನ್ನೂ ಸರ್ಕಾರದ ಸಾರ್ವಭೌಮ ಕಾರ್ಯಗಳನ್ನೂ ಹೊರಗಿಟ್ಟಿದೆ.

ಸಂಸ್ಥೆ ಕೈಗಾರಿಕೆಯಾದರೆ ಸಾಲದು, ನೌಕರ ‘ಕಾರ್ಮಿಕ’ನೂ ಆಗಿರಬೇಕು. ಇಲ್ಲೊಂದು ವಿಚಿತ್ರವಿದೆ. ರಾಜಪ್ಪ ಪ್ರಕರಣದಂತೆ ಶಾಲೆ ಕೈಗಾರಿಕೆ. ಆದರೆ 1988ರ ತೀರ್ಪಿನಂತೆ ಪಾಠ ಹೇಳುವುದು ದೈಹಿಕ, ಕುಶಲ, ತಾಂತ್ರಿಕ ಅಥವಾ ಗುಮಾಸ್ತಿಕೆಯ ಕೆಲಸವಲ್ಲ, ಆದ್ದರಿಂದ ಶಿಕ್ಷಕ ಕಾರ್ಮಿಕನಲ್ಲ. ಶಾಲೆಯ ಜವಾನನಿಗೆ ಕಾರ್ಮಿಕ ನ್ಯಾಯಾಲಯ ತೆರೆದಿರುತ್ತದೆ, ಅದೇ ಶಾಲೆಯ ಮೇಷ್ಟ್ರಿಗೆ ಮುಚ್ಚಿರುತ್ತದೆ. ಕರ್ನಾಟಕದ ಖಾಸಗಿ ಶಾಲಾ ಶಿಕ್ಷಕರು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬೇಕು.

ಕಾರ್ಮಿಕನ ವ್ಯಾಖ್ಯೆಯ ಬಗ್ಗೆ ಜನರಲ್ಲಿ ಬೇರೂರಿದ ಒಂದು ತಪ್ಪು ತಿಳಿವಳಿಕೆ ಎಂದರೆ ಸಂಬಳ ಜಾಸ್ತಿಯಿದ್ದರೆ ಕಾನೂನಿನ ರಕ್ಷಣೆಯಿಲ್ಲ ಎಂಬುದು. ವೇತನದ ಮಿತಿ ಇರುವುದು ಮೇಲ್ವಿಚಾರಣೆಯ ಕೆಲಸ ಮಾಡುವವರಿಗೆ ಮಾತ್ರ. 2010ರಿಂದ ಅದು ತಿಂಗಳಿಗೆ 10,000 ರೂಪಾಯಿ ಇತ್ತು, ಹೊಸ ಸಂಹಿತೆಯಲ್ಲಿ 18,000. ಆಡಳಿತದ ಕೆಲಸದಲ್ಲಿರುವ ಮ್ಯಾನೇಜರ್ ಪೂರ್ತಿ ಹೊರಗೆ. ತಾಂತ್ರಿಕ ಕೆಲಸವನ್ನಷ್ಟೇ ಮಾಡುತ್ತ ಯಾರ ಮೇಲೂ ಅಧಿಕಾರ ಚಲಾಯಿಸದ ಎಂಜಿನಿಯರ್ ಲಕ್ಷ ರೂಪಾಯಿ ಪಡೆದರೂ ಕಾರ್ಮಿಕನಾಗಬಹುದು. ವಿಸಿಟಿಂಗ್ ಕಾರ್ಡಿನಲ್ಲಿ ‘ಅಸೋಸಿಯೇಟ್ ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ಎದೆಗುಂದಬೇಕಿಲ್ಲ. ಹುದ್ದೆಯ ಹೆಸರನ್ನಲ್ಲ, ದಿನನಿತ್ಯ ಮಾಡುವ ಕೆಲಸವನ್ನು ನ್ಯಾಯಾಲಯ ನೋಡುತ್ತದೆ. ಪತ್ರಕರ್ತರನ್ನೂ ಔಷಧ ಕಂಪನಿಗಳ ಪ್ರತಿನಿಧಿಗಳಂಥ ಮಾರಾಟ ಪ್ರಚಾರ ನೌಕರರನ್ನೂ ಹೊಸ ಸಂಹಿತೆ ವ್ಯಾಖ್ಯೆಯೊಳಗೇ ಸೇರಿಸಿಕೊಂಡಿದೆ.

ಆಪಾದನೆ, ಅಮಾನತು, ವಿಚಾರಣೆ

ದುರ್ನಡತೆಯ ಕಾರಣಕ್ಕೆ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ಕ್ರಮವಿದೆ. ಆರೋಪವನ್ನು ಬರೆದು ಕೊಡಬೇಕು, ಉತ್ತರಿಸಲು ಕಾಲಾವಕಾಶ ಕೊಡಬೇಕು, ಆಂತರಿಕ ವಿಚಾರಣೆ ನಡೆಸಬೇಕು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಲು ಬಿಡಬೇಕು. ವಿಚಾರಣೆಯ ಹೊತ್ತಿಗೆ ಅಮಾನತಿನಲ್ಲಿಟ್ಟರೆ ಜೀವನಾಧಾರ ಭತ್ಯೆ ಕೊಡಲೇಬೇಕು: ಮೊದಲ 90 ದಿನ ಅರ್ಧ ಸಂಬಳ, ಬಳಿಕ ಶೇ. 75. ಕರ್ನಾಟಕದ 1988ರ ಜೀವನಾಧಾರ ಭತ್ಯೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 180 ದಿನ ದಾಟಿದ ಅಮಾನತಿಗೆ ಶೇ. 90 ಗೊತ್ತುಮಾಡಿತು. ಮಾಲೀಕರು ವಿಚಾರಣೆಯನ್ನು ಎಳೆದಾಡದಂತೆ ಹಾಕಿದ ಕಡಿವಾಣ ಇದು.

ಈ ಆಂತರಿಕ ವಿಚಾರಣೆಯ ನ್ಯಾಯಶಾಸ್ತ್ರವನ್ನು ರೂಪಿಸಿದವರಲ್ಲಿ ಬಸ್ ಕಂಡಕ್ಟರುಗಳ ಪಾಲು ದೊಡ್ಡದು. ಟಿಕೆಟ್ ಕೊಡದೆ ಕಾಸು ಪಡೆದ ಆರೋಪ, ತಪಾಸಣಾ ಸಿಬ್ಬಂದಿಯ ವರದಿ, ವಜಾ ಆದೇಶ, ಕಾರ್ಮಿಕ ನ್ಯಾಯಾಲಯ: ರಸ್ತೆ ಸಾರಿಗೆ ನಿಗಮಗಳ ಕೇಸುಗಳಲ್ಲಿ ಇದು ಹಳೆಯ ಸರಪಳಿ. ಪ್ರಯಾಣಿಕರನ್ನೇ ಕರೆದು ಸಾಕ್ಷಿ ಹೇಳಿಸಬೇಕಿಲ್ಲ, ಆಂತರಿಕ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಅನ್ವಯಿಸದು ಎಂಬ ನಿಯಮ ಬಂದದ್ದು 1977ರಲ್ಲಿ ಹರಿಯಾಣದ ಕಂಡಕ್ಟರೊಬ್ಬರ ಪ್ರಕರಣದಿಂದ. 2001ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲಿ ಸುಮಾರು 35 ಪ್ರಯಾಣಿಕರಿಂದ ಟಿಕೆಟ್ಟಿಗೆ 50 ಪೈಸೆಯಂತೆ ಹೆಚ್ಚು ವಸೂಲು ಮಾಡಿದ ಕಂಡಕ್ಟರರ ವಜಾವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಣದ ಮೊತ್ತ ಮುಖ್ಯವಲ್ಲ, ನಂಬಿಕೆ ಮುಖ್ಯ ಎಂಬುದು ಅದರ ಧೋರಣೆ. ಲೆಕ್ಕ ಹಾಕಿದರೆ ಮೊತ್ತ ಹದಿನೆಂಟು ರೂಪಾಯಿಯನ್ನೂ ಮುಟ್ಟದು. ಇಂಥ ಕಡೆ 11ಎ ಪ್ರಕರಣದ ಅನುಕಂಪಕ್ಕೆ ಜಾಗ ಎಷ್ಟು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ವಿಚಾರಣೆಯ ತಾಪತ್ರಯವೇ ಬೇಡವೆಂದು ಕೆಲವು ಕಡೆ ಕೋಣೆಗೆ ಕರೆದು ರಾಜೀನಾಮೆ ಬರೆಸಿಕೊಳ್ಳುವುದುಂಟು. ಬೆದರಿಸಿ ಪಡೆದ ರಾಜೀನಾಮೆ ಸ್ವಇಚ್ಛೆಯದಲ್ಲ, ಅದು ವಜಾಕ್ಕೆ ಸಮ. ಆದರೆ ಬಲವಂತವಿತ್ತೆಂದು ತೋರಿಸುವ ಹೊಣೆ ನೌಕರನದು. ಅದೇ ದಿನವೋ ಮರುದಿನವೋ ‘ಒತ್ತಡದಿಂದ ಬರೆದುಕೊಟ್ಟೆ, ಹಿಂದಕ್ಕೆ ಪಡೆಯುತ್ತಿದ್ದೇನೆ’ ಎಂದು ಇ-ಮೇಲನ್ನಾದರೂ ಕಳಿಸಿದವನ ಮಾತಿಗೆ ಇರುವ ತೂಕ ಆರು ತಿಂಗಳು ಬಿಟ್ಟು ದೂರಿದವನ ಮಾತಿಗೆ ಇರುವುದಿಲ್ಲ.

240 ದಿನಗಳ ಲೆಕ್ಕ

ತಪ್ಪೇನೂ ಮಾಡದವರನ್ನು ‘ಕೆಲಸ ಕಡಿಮೆಯಾಗಿದೆ’ ಎಂದು ತೆಗೆಯುವುದು ಸಿಬ್ಬಂದಿ ಕಡಿತ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಹೀಗೆ ತೆಗೆಯಲು ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನದ ವೇತನ ಕೊಡಬೇಕು. ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ಮುಂದೆ ಹೊಸಬರನ್ನು ತೆಗೆದುಕೊಳ್ಳುವಾಗ ಹೀಗೆ ಹೋದವರಿಗೆ ಆದ್ಯತೆ ಕೊಡಬೇಕು. ಇದನ್ನು ಪಾಲಿಸದ ಕಡಿತ ಮೊದಲಿನಿಂದಲೇ ಅಸಿಂಧು ಎಂದು ನ್ಯಾಯಾಲಯಗಳು ಬಹುಕಾಲ ಹೇಳುತ್ತ ಬಂದವು.

ಕಾಗದದ ಮೇಲೆ ಸರಳವಾಗಿ ಕಾಣುವ ಈ 240 ದಿನ ದಿನಗೂಲಿಯವರಿಗೆ ದೊಡ್ಡ ಗೋಡೆ. ಹಾಜರಿ ಪುಸ್ತಕ ಇರುವುದು ಮಾಲೀಕನ ಬೀರುವಿನಲ್ಲಿ, ಸಾಬೀತು ಮಾಡಬೇಕಾದವನು ಕೂಲಿಕಾರ. ಕರ್ನಾಟಕದ ಅರಣ್ಯ ಇಲಾಖೆಯ ವಲಯಾಧಿಕಾರಿಯೊಬ್ಬರು ಹೂಡಿದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ, ದುಡಿದೆನೆಂದು ಪ್ರಮಾಣಪತ್ರ ಸಲ್ಲಿಸಿದರೆ ಸಾಲದು, ಪುರಾವೆ ಬೇಕು ಎಂದಿತು. 2005ರಲ್ಲಿ ಕರ್ನಾಟಕದ್ದೇ ಇನ್ನೊಬ್ಬ ದಿನಗೂಲಿ ನೌಕರರ ಪ್ರಕರಣದಲ್ಲಿ ಅದೇ ನ್ಯಾಯಾಲಯ ತುಸು ಮೆತ್ತಗಾಯಿತು. ದಿನಗೂಲಿಯವನಿಗೆ ನೇಮಕಾತಿ ಪತ್ರವಿರದು, ರಸೀದಿಯಿರದು; ಅವನು ಸಾಕ್ಷಿ ಕಟ್ಟೆ ಹತ್ತಿ ಹೇಳಿಕೆ ಕೊಟ್ಟು, ಮಸ್ಟರ್ ರೋಲ್ ಹಾಜರುಪಡಿಸುವಂತೆ ಕೇಳಬಹುದು ಎಂದು ಒಪ್ಪಿತು. ಈ ಎರಡು ತೀರ್ಪುಗಳ ನಡುವೆಯೇ ರಾಜ್ಯದ ನೂರಾರು ಕೂಲಿಕಾರರ ಕೇಸುಗಳು ತೂಗಾಡಿವೆ.

ಕಾಯಮಾತಿಯ ವಿಷಯದಲ್ಲೂ ಕರ್ನಾಟಕದ ಪ್ರಕರಣವೇ ದೇಶದ ಮೈಲಿಗಲ್ಲು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಆರಂಭವಾದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳು, ಕ್ರಮಬದ್ಧ ನೇಮಕಾತಿಯಿಲ್ಲದೆ ಸೇರಿದವರಿಗೆ ಎಷ್ಟು ವರ್ಷ ದುಡಿದರೂ ಕಾಯಮಾತಿಯ ಹಕ್ಕಿಲ್ಲ ಎಂದರು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದವರಿಗೆ ಒಂದು ಬಾರಿಯ ವಿನಾಯಿತಿ ಮಾತ್ರ ಕೊಟ್ಟರು. ಹಿಂಬಾಗಿಲ ನೇಮಕಾತಿ ತಡೆಯಲು ಬಂದ ಈ ತೀರ್ಪನ್ನು, ದಶಕಗಟ್ಟಲೆ ದುಡಿಸಿಕೊಂಡವರನ್ನು ಬರಿಗೈಯಲ್ಲಿ ಕಳಿಸುವ ಅಸ್ತ್ರವಾಗಿ ಇಲಾಖೆಗಳು ಬಳಸಿದವು. ಅದು ದುರುಪಯೋಗವೆಂದು ಸುಪ್ರೀಂ ಕೋರ್ಟೇ 2024ರ ಡಿಸೆಂಬರಿನಲ್ಲಿ ಹೇಳಿತು.

ದೂರು ಸಾಗುವ ದಾರಿ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ 29 ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿತು. ವಜಾಕ್ಕೆ ಸಂಬಂಧಿಸಿದ್ದು ಕೈಗಾರಿಕಾ ಸಂಬಂಧಗಳ ಸಂಹಿತೆ. ದೂರು ಮೊದಲು ಹೋಗುವುದು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಬಳಿಗೆ. ಅವರು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಬೇಕು, 45 ದಿನದೊಳಗೆ ವರದಿ ಕೊಡಬೇಕು. ಸಂಧಾನ ಮುರಿದುಬಿದ್ದರೆ ವರದಿ ಕೈಸೇರಿದ 90 ದಿನದೊಳಗೆ ನೌಕರ ನೇರವಾಗಿ ನ್ಯಾಯಾಧಿಕರಣಕ್ಕೆ ಅರ್ಜಿ ಹಾಕಬಹುದು. ಹಿಂದೆ ವಿವಾದವನ್ನು ಕೋರ್ಟಿಗೆ ಒಪ್ಪಿಸುವುದೋ ಬಿಡುವುದೋ ಸರ್ಕಾರದ ಇಚ್ಛೆಯಾಗಿತ್ತು, ಕಡತಗಳು ವರ್ಷಗಟ್ಟಲೆ ಮಲಗಿರುತ್ತಿದ್ದವು. ಈ ಕಾಯುವಿಕೆಯನ್ನು ತಪ್ಪಿಸಿದವರಲ್ಲಿ ಕರ್ನಾಟಕ ಮುಂದಿತ್ತು. 1988ರಲ್ಲಿ ಜಾರಿಯಾದ ರಾಜ್ಯದ ತಿದ್ದುಪಡಿಯು ವಜಾ ಆದ ಕಾರ್ಮಿಕ ಆರು ತಿಂಗಳೊಳಗೆ ನೇರ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಬಿಟ್ಟಿತು. ಕೇಂದ್ರ ಕಾಯ್ದೆಗೆ ಅಂಥ ದಾರಿ ಬಂದದ್ದು 2010ರಲ್ಲಿ.

ಹೊಸ ಸಂಹಿತೆಯಲ್ಲಿ ಎರಡು ವರ್ಷ ಕಳೆದ ವಿವಾದವನ್ನು ಸಂಧಾನಾಧಿಕಾರಿ ಮುಟ್ಟುವಂತಿಲ್ಲ. ಕಡಿತಕ್ಕೆ ಸರ್ಕಾರದ ಮುಂಗಡ ಅನುಮತಿ ಬೇಕಾದ ಕಾರ್ಖಾನೆಗಳ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಅಂದರೆ 250 ಜನರ ಗಾರ್ಮೆಂಟ್ಸ್ ಕಾರ್ಖಾನೆ ಈಗ ಅನುಮತಿ ಕೇಳದೆ ಕಾರ್ಮಿಕರನ್ನು ತೆಗೆಯಬಹುದು, ನೋಟಿಸ್ ಮತ್ತು ಪರಿಹಾರ ಕೊಟ್ಟರಾಯಿತು. ಸೇವಾ ಷರತ್ತುಗಳನ್ನು ಬರೆದಿಡುವ ಸ್ಥಾಯಿ ಆದೇಶಗಳ ಮಿತಿಯೂ 300. ಇನ್ನೊಂದು ಕಡೆ, ಕಡಿತಗೊಂಡವರಿಗೆ ಮರುಕೌಶಲ ನಿಧಿಯಿಂದ 15 ದಿನದ ವೇತನ ಸಿಗಬೇಕು; 20 ಅಥವಾ ಹೆಚ್ಚು ಜನರಿರುವಲ್ಲಿ ಕುಂದುಕೊರತೆ ಸಮಿತಿ ಇರಬೇಕು; ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು; ವಜಾ ಆಗಲಿ ರಾಜೀನಾಮೆಯಾಗಲಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ‘ಫುಲ್ ಅಂಡ್ ಫೈನಲ್’ ಹೆಸರಿನಲ್ಲಿ ತಿಂಗಳುಗಟ್ಟಲೆ ಅಲೆದವರಿಗೆ ಈ ಕೊನೆಯದರ ಬೆಲೆ ಗೊತ್ತು.

ಗೆದ್ದರೆ ಏನು ಸಿಗುತ್ತದೆ? ಅಕ್ರಮ ವಜಾ ಎಂದು ತೀರ್ಮಾನವಾದರೆ ಕೆಲಸ ಮತ್ತು ಹಿಂಬಾಕಿ ವೇತನ ಎರಡೂ ಸಹಜ ಪರಿಹಾರವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ನಡುವಿನ ಅವಧಿಯಲ್ಲಿ ತನಗೆ ಬೇರೆ ಸಂಪಾದನೆ ಇರಲಿಲ್ಲವೆಂದು ನೌಕರ ಹೇಳಿಕೊಳ್ಳಬೇಕು, ಇತ್ತೆಂದು ತೋರಿಸುವ ಭಾರ ಆಮೇಲೆ ಮಾಲೀಕನದು. ದಿನಗೂಲಿಯವರ ಪ್ರಕರಣಗಳಲ್ಲಿ ಮಾತ್ರ ಕೆಲಸದ ಬದಲು ಒಂದು ಗಂಟು ಹಣ ಕೊಟ್ಟು ಮುಗಿಸುವ ರೂಢಿ ಬೆಳೆದಿದೆ.

ಉಳಿದ ಬಾಗಿಲುಗಳು

ಸರ್ಕಾರಿ ನೌಕರನಿಗೆ 311ನೆಯ ವಿಧಿಯ ಕವಚವಿದೆ: ಆರೋಪ ತಿಳಿಸಿ, ವಿಚಾರಣೆ ನಡೆಸದೆ ವಜಾ, ತೆಗೆದುಹಾಕುವಿಕೆ, ಹಿಂಬಡ್ತಿ ಸಲ್ಲದು. ಕರ್ನಾಟಕದಲ್ಲಿ ವಿಚಾರಣೆಯ ವಿಧಾನವನ್ನು 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು ಹೇಳುತ್ತವೆ. ದೂರು ಹೋಗುವುದು 1986ರಲ್ಲಿ ಆರಂಭವಾದ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ, ಅಂತಿಮ ಆದೇಶದಿಂದ ಒಂದು ವರ್ಷದೊಳಗೆ. ಕೇಂದ್ರದ ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠವಿದೆ. ಅಂಗಡಿ, ಹೋಟೆಲು, ಕಚೇರಿಗಳ ನೌಕರರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೆಯ ಪ್ರಕರಣ ನೆರವಾಗುತ್ತದೆ. ಆರು ತಿಂಗಳು ಸೇವೆ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಕೊಡದೆ ತೆಗೆಯುವಂತಿಲ್ಲ.

ಐ.ಟಿ. ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ 2014ರಿಂದ ವಿನಾಯಿತಿ ಕೊಡುತ್ತ, 2019 ಮತ್ತು 2024ರಲ್ಲಿ ಮುಂದುವರಿಸಿತು. ಅಮಾನತು, ವಜಾಗಳನ್ನು ಇಲಾಖೆಗೆ ತಿಳಿಸಬೇಕು, ಕುಂದುಕೊರತೆ ಸಮಿತಿ ಇರಬೇಕು ಎಂಬ ಷರತ್ತುಗಳಿದ್ದವು. ಆದರೆ ಆ ವಿನಾಯಿತಿ ವಜಾ ವಿವಾದದ ಹಕ್ಕನ್ನು ಕಸಿದಿರಲಿಲ್ಲ. 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐ.ಟಿ. ನೌಕರರ ಸಂಘ ಇಂಥ ಹಲವು ದೂರುಗಳನ್ನು ಇಲಾಖೆಯ ಮುಂದೆ ಒಯ್ದಿದೆ.

ಆ್ಯಪ್ ಆಧರಿಸಿ ದುಡಿಯುವವರು ಬಹುಕಾಲ ಯಾರ ನೌಕರರೂ ಅಲ್ಲದವರಾಗಿದ್ದರು. ಅವರ ‘ವಜಾ’ ಎಂದರೆ ಐ.ಡಿ. ಬ್ಲಾಕ್ ಆಗುವುದು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಕಾರಣವನ್ನು ಲಿಖಿತವಾಗಿ ತಿಳಿಸಿ 14 ದಿನ ಮುಂಚೆ ನೋಟಿಸ್ ಕೊಡಬೇಕೆಂದು ವಿಧಿಸಿದೆ, ಕಲ್ಯಾಣ ಮಂಡಳಿಯನ್ನೂ ದೂರು ವ್ಯವಸ್ಥೆಯನ್ನೂ ಗೊತ್ತುಮಾಡಿದೆ.

ಲೈಂಗಿಕ ಕಿರುಕುಳದ ದಾರಿ ಬೇರೆ. 1997ರ ವಿಶಾಖಾ ತೀರ್ಪಿನ ಸೂತ್ರಗಳು 2013ರಲ್ಲಿ ಕಾಯ್ದೆಯಾದವು. ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ಅಷ್ಟು ಜನರಿಲ್ಲದ ಕಡೆಯವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರಬಹುದು. ಘಟನೆಯ ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣವಿದ್ದರೆ ಇನ್ನೂ ಮೂರು ತಿಂಗಳು. ಹೆರಿಗೆ ರಜೆಯಲ್ಲಿದ್ದವಳನ್ನು ಆ ಕಾರಣಕ್ಕೆ ತೆಗೆಯುವುದು ಅಕ್ರಮ. ಸೇವೆಯಲ್ಲಿರುವಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ಹೊರಹಾಕುವುದನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಡೆಯುತ್ತದೆ. ಇಷ್ಟಾದರೂ ಖಾಸಗಿ ಉದ್ಯೋಗದಲ್ಲಿ ಜಾತಿ, ಧರ್ಮದ ತಾರತಮ್ಯವನ್ನು ಒಟ್ಟಾರೆಯಾಗಿ ನಿಷೇಧಿಸುವ ಸಮಗ್ರ ಕಾಯ್ದೆ ಭಾರತದಲ್ಲಿಲ್ಲ. ಸಂವಿಧಾನದ 14 ಮತ್ತು 16ನೆಯ ವಿಧಿಗಳು ಕಟ್ಟಿಹಾಕುವುದು ಸರ್ಕಾರವನ್ನು.

ಖರ್ಚಿಗೆ ಹೆದರಿ ಸುಮ್ಮನಾಗುವವರು ತಿಳಿದಿರಬೇಕಾದ ಸಂಗತಿಯೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಪ್ರಕರಣದಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವಿಗೆ ಅರ್ಹರು. ಅರ್ಜಿ ಕೊಡಬೇಕಾದದ್ದು ಆಯಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100.